ಕಾಯಕ ಬದಲಿಸುವ ಮುನ್ನ, ಮತ್ತೆ ಓದಲು ಹೊರಡುವ ಮುನ್ನ



ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಬಡಾವಣೆಗಳಿಂದ ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ಪೂಜೆ, ಪ್ರಸಾದಗಳು ಮುಗಿದ ಮೇಲೆ ಸ್ವಲ್ಪ ಹೊತ್ತು ಹಿಂದೆ ಉಳಿದು ಒಂದು ಪ್ರಶ್ನೆಯನ್ನು ಕೇಳುತ್ತಾರೆ. ಅವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು, ಸಂಸಾರಸ್ಥರು. “ಈಗಿರುವ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಬೇರೆ ಕೆಲಸಕ್ಕೆ ಹೋಗೋಣವೇ? ನಿಂತುಹೋದ ಓದನ್ನು ಮತ್ತೆ ಹಿಡಿಯೋಣವೇ? ಈ ವಯಸ್ಸಿನಲ್ಲಿ ಇದು ಸರಿಯೇ?” ಎಂಬುದು ಆ ಪ್ರಶ್ನೆ.

ಇದಕ್ಕೆ ನಾವು ಬಹುಕಾಲ ಒಂದೇ ಮಾತಿನ ಉತ್ತರವನ್ನು ಕೊಡುತ್ತಿದ್ದೆವು: “ಇದ್ದ ಕೆಲಸವನ್ನು ಬಿಡಬೇಡಿ.” ಹಿರಿಯರಿಂದ ಬಂದ ಈ ಮಾತಿನಲ್ಲಿ ಪ್ರೀತಿಯಿದೆ, ಆದರೆ ಪೂರ್ಣ ಸತ್ಯವಿಲ್ಲ. ಬಿಡಬೇಕಾದ ಕೆಲಸವನ್ನು ಬಿಡಲಾರದೆ ಕುಗ್ಗಿದವರನ್ನೂ ನಾವು ಕಂಡಿದ್ದೇವೆ, ಬಿಡಬಾರದ ಹೊತ್ತಿನಲ್ಲಿ ಬಿಟ್ಟು ಮನೆಯನ್ನು ಸಾಲಕ್ಕೆ ತಳ್ಳಿದವರನ್ನೂ ಕಂಡಿದ್ದೇವೆ. ಆದ್ದರಿಂದ ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ಬಿಡಿಸಿ ನೋಡಲು ಬಯಸುತ್ತೇವೆ. ನಾವು ಹೇಳಬೇಕೆಂದಿರುವುದು ಇಷ್ಟು: ಹೊಸ ಕಾಯಕವನ್ನು ಬಯಸುವುದರಲ್ಲಿ ದೋಷವಿಲ್ಲ. ಅದರ ಬೆಲೆಯನ್ನು ಲೆಕ್ಕ ಹಾಕದೆ, ಆ ಬೆಲೆಯನ್ನು ತೆರಬೇಕಾದ ಮನೆಯವರನ್ನು ಕೇಳದೆ ಹೊರಡುವುದರಲ್ಲಿ ದೋಷವಿದೆ.

ಖಾಯಂ ಎಂಬ ಮಾತಿನ ಬೆಲೆ

ನಗರದ ಪಶ್ಚಿಮ ಭಾಗವು ದುಡಿಯುವವರ ಕೈಯಿಂದ ಬೆಳೆದ ಪ್ರದೇಶ. ರಾಜಾಜಿನಗರದ ಕೈಗಾರಿಕಾ ವಸಾಹತು, ಮಾಗಡಿ ರಸ್ತೆಯ ಬಳಿಯ ಬಿನ್ನಿಮಿಲ್, ಆಚೆಗೆ ಪೀಣ್ಯ, ಜಾಲಹಳ್ಳಿಯ ಎಚ್‌ಎಂಟಿ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳು ಸಾವಿರಾರು ಮನೆಗಳ ಒಲೆಯನ್ನು ಉರಿಸಿದವು. ನಮ್ಮ ಹಿರಿಯ ತಲೆಮಾರಿನವರು ಇಂತಹ ಕಡೆ ಒಮ್ಮೆ ಸೇರಿದರೆ ನಿವೃತ್ತಿಯವರೆಗೂ ಚಿಂತೆಯಿಲ್ಲವೆಂದು ನಂಬಿದ್ದರು.

ಆ ನಂಬಿಕೆ ಎಲ್ಲ ಕಡೆಯೂ ಉಳಿಯಲಿಲ್ಲ. ಬಿನ್ನಿಮಿಲ್ ಇದ್ದ ನೆಲದಲ್ಲಿ ಇಂದು ಬಹುಮಹಡಿ ವಸತಿಗಳೂ ಮಾಲ್‌ ಕೂಡ ನಿಂತಿವೆ. 1953ರಲ್ಲಿ ಆರಂಭವಾದ ಎಚ್‌ಎಂಟಿಯು 1961ರಿಂದ ಕೈಗಡಿಯಾರಗಳನ್ನು ತಯಾರಿಸಿ ನಾಡಿನ ಮನೆಮನೆಗೂ ತಲುಪಿಸಿತ್ತು. ಅದರ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಅಲ್ಲಿ ಉಳಿದಿದ್ದ ನೌಕರರಿಗೆ ಸ್ವಯಂ ನಿವೃತ್ತಿಯ ದಾರಿಯೊಂದೇ ಉಳಿಯಿತು.

ಇದನ್ನು ನೆನಪಿಸುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಕೆಲಸದ ಬದಲಾವಣೆಯು ನಾವು ಕರೆದಾಗ ಮಾತ್ರ ಬರುವ ಅತಿಥಿಯಲ್ಲ. ಕರೆಯದೆಯೂ ಅದು ಬಾಗಿಲಿಗೆ ಬರುತ್ತದೆ. ಹಾಗಿರುವಾಗ ಇನ್ನೊಂದು ವಿದ್ಯೆಯನ್ನು ಕಲಿತು ಸಿದ್ಧವಾಗಿರುವುದು ವಿವೇಕವೇ ಹೊರತು ಚಂಚಲತೆಯಲ್ಲ.

ಶರಣರು ತೋರಿದ ದಾರಿ

ಕಾಯಕನಿಷ್ಠೆ ಎಂದರೆ ಒಮ್ಮೆ ಹಿಡಿದ ಕೆಲಸವನ್ನು ಎಂದೂ ಬಿಡಬಾರದು ಎಂದು ಕೆಲವರು ಭಾವಿಸಿದ್ದಾರೆ. ಹನ್ನೆರಡನೆಯ ಶತಮಾನದ ಶರಣರ ಬದುಕನ್ನು ನೋಡಿದರೆ ಅದು ಹಾಗಿಲ್ಲ. ಹುಟ್ಟಿನಿಂದ ಕೆಲಸ ನಿಶ್ಚಯವಾಗುವ ಕಟ್ಟನ್ನೇ ಅವರು ಪ್ರಶ್ನಿಸಿದರು. ಬಸವಣ್ಣನವರು ತಾವೇ ಹುಟ್ಟಿದ ಮನೆತನದ ದಾರಿಯನ್ನು ಬಿಟ್ಟು ಕೂಡಲಸಂಗಮದಲ್ಲಿ ವಿದ್ಯೆ ಕಲಿತು, ಮುಂದೆ ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ದುಡಿದವರು. ಮೋಳಿಗೆಯ ಮಾರಯ್ಯನವರು ಅರಸೊತ್ತಿಗೆಯನ್ನು ತೊರೆದು ಕಟ್ಟಿಗೆ ಮಾರುವ ಕಾಯಕವನ್ನು ಕೈಗೊಂಡರೆಂದು ಪರಂಪರೆ ಹೇಳುತ್ತದೆ.

ನಮ್ಮ ಇಂದಿನ ವಿಷಯಕ್ಕೆ ಎಲ್ಲರಿಗಿಂತ ಹತ್ತಿರವಾದವರು ಉರಿಲಿಂಗಪೆದ್ದಿಗಳು. ಪರಂಪರೆಯ ಕಥನದಂತೆ ಅವರು ಮೊದಲು ಕಳ್ಳತನದಿಂದ ಬದುಕುತ್ತಿದ್ದವರು. ಉರಿಲಿಂಗದೇವರು ನೀಡುತ್ತಿದ್ದ ದೀಕ್ಷೆಯನ್ನು ಮರೆಯಲ್ಲಿ ನಿಂತು ಕಂಡು ಮನಸ್ಸು ಕರಗಿ, ಆ ಮಠಕ್ಕೆ ಸೌದೆಯ ಹೊರೆ ಹೊತ್ತು ತರುವ ಕಾಯಕವನ್ನು ಹಿಡಿದರು. ಗುರುಗಳ ಕೃಪೆಗೆ ಪಾತ್ರರಾಗಿ ವಿದ್ಯಾವಂತರಾದರು, ಕೊನೆಗೆ ಆ ಮಠದ ಪೀಠಕ್ಕೇ ಅಧಿಪತಿಗಳಾದರು. ಅವರ ವಚನಗಳಲ್ಲಿ ಸಂಸ್ಕೃತ ಉಲ್ಲೇಖಗಳು ಹೇರಳವಾಗಿವೆ. ಅಕ್ಷರದಿಂದ ದೂರವಿಡಲ್ಪಟ್ಟಿದ್ದ ಸಮುದಾಯದಿಂದ ಬಂದ ಒಬ್ಬರು ಬೆಳೆದ ವಯಸ್ಸಿನಲ್ಲಿ ಕಲಿತ ವಿದ್ಯೆ ಅದು.

ಈ ಕಥನದಲ್ಲಿ ನಾವು ಗಮನಿಸಬೇಕಾದ ಅಂಶ ಇನ್ನೊಂದಿದೆ. ಉರಿಲಿಂಗಪೆದ್ದಿಗಳು ಹಳೆಯ ಬದುಕನ್ನು ಬಿಟ್ಟರು, ಆದರೆ ಬರಿಗೈಯಲ್ಲಿ ಕುಳಿತು ಕಲಿಯಲಿಲ್ಲ. ಸೌದೆಯ ಹೊರೆ ತಲೆಯ ಮೇಲಿತ್ತು, ಕಲಿಕೆಯ ಹಂಬಲ ಒಳಗಿತ್ತು. ಬದಲಾವಣೆಯ ಕಾಲದಲ್ಲಿಯೂ ಕಾಯಕ ತಪ್ಪಲಿಲ್ಲ ಎಂಬುದೇ ಅಲ್ಲಿನ ಪಾಠ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

“ಕೆಲಸ ಸಾಕಾಗಿದೆ” ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳು ಇರಬಹುದು.

ಒಂದು, ಕೆಲಸವೇ ಒಗ್ಗದಿರುವುದು. ಲೆಕ್ಕಪತ್ರದಲ್ಲಿ ಆಸಕ್ತಿಯೇ ಇಲ್ಲದವರು ಹತ್ತು ವರ್ಷ ಲೆಕ್ಕಪತ್ರವನ್ನೇ ನೋಡಿಕೊಂಡಿದ್ದರೆ ಅವರ ಬೇಸರ ಆಳವಾದದ್ದು. ಎರಡು, ಕೆಲಸ ಒಗ್ಗಿದೆ, ಆದರೆ ಕೆಲಸ ಮಾಡುವ ಜಾಗ ಒಗ್ಗದಿರುವುದು. ಮೇಲಿನವರ ನಡವಳಿಕೆ, ಪಾಳಿಯ ತೊಂದರೆ, ದೂರದ ಪ್ರಯಾಣ, ಹೊತ್ತಿಗೆ ಬಾರದ ಸಂಬಳ ಈ ಬಗೆಯವು. ಮೂರು, ಕೆಲಸವೂ ಸರಿ, ಜಾಗವೂ ಸರಿ, ಆದರೆ ಪದವಿ ಅಥವಾ ಪ್ರಮಾಣಪತ್ರವಿಲ್ಲದ ಕಾರಣ ಬಡ್ತಿ ನಿಂತುಹೋಗಿರುವುದು.

ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ವೃತ್ತಿಯ ಬದಲಾವಣೆ ಬೇಕು. ಎರಡನೆಯದಕ್ಕೆ ಅದೇ ವೃತ್ತಿಯಲ್ಲಿ ಬೇರೊಂದು ಸಂಸ್ಥೆ ಸಾಕು, ಹೊಸ ಓದು ಬೇಕಿಲ್ಲ. ಮೂರನೆಯದಕ್ಕೆ ಓದು ಬೇಕು, ಕೆಲಸ ಬಿಡುವ ಅಗತ್ಯ ಬಹುಮಟ್ಟಿಗೆ ಇಲ್ಲ. ರೋಗ ಒಂದು, ಮದ್ದು ಇನ್ನೊಂದು ಆದಾಗಲೇ ಹಣವೂ ವರ್ಷಗಳೂ ವ್ಯರ್ಥವಾಗುತ್ತವೆ. ಮೇಲಧಿಕಾರಿಯೊಡನೆ ಮನಸ್ತಾಪವಾಗಿ ಕೆಲಸ ಬಿಟ್ಟು, ಎರಡು ವರ್ಷ ಹೊಸದೊಂದನ್ನು ಓದಿ, ಹೊಸ ಜಾಗದಲ್ಲಿಯೂ ಅಂತಹುದೇ ಅಧಿಕಾರಿಯನ್ನು ಕಂಡವರ ನೋವು ಸಣ್ಣದಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು.

ಹೊಸ ವೃತ್ತಿಯಲ್ಲಿ ಈಗಾಗಲೇ ಐದಾರು ವರ್ಷ ದುಡಿದಿರುವ ಇಬ್ಬರು ಮೂವರನ್ನು ಕಂಡು, ಅವರ ಒಂದು ದಿನ ಹೇಗೆ ಕಳೆಯುತ್ತದೆಂದು ಕೇಳಿ ತಿಳಿಯುವುದು ಒಳ್ಳೆಯದು. ಸಂಬಳದ ಮಾತು ಆಮೇಲೆ. ಬೆಳಗಿನಿಂದ ಸಂಜೆಯವರೆಗೆ ಅವರು ಮಾಡುವ ಕೆಲಸವನ್ನು ತಾವು ಸಂತೋಷದಿಂದ ಮಾಡಬಲ್ಲಿರೇ ಎಂಬುದು ಮುಖ್ಯ.

ಮತ್ತೆ ಓದುವವರಿಗೆ ತೆರೆದಿರುವ ಬಾಗಿಲುಗಳು

ದುಡಿಯುತ್ತಲೇ ಓದುವ ಅವಕಾಶಗಳು ಹಿಂದಿಗಿಂತ ಇಂದು ಹೆಚ್ಚಿವೆ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ಇದೆ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಅರ್ಧಕ್ಕೆ ನಿಂತವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳಿವೆ. ಮಾನ್ಯತೆ ಪಡೆದ ಸಂಸ್ಥೆಯಿಂದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ.

ತಾಂತ್ರಿಕ ಕ್ಷೇತ್ರದಲ್ಲಿಯೂ ಮೆಟ್ಟಿಲುಗಳಿವೆ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ದಾರಿಯಿದೆ. ಪೀಣ್ಯದಲ್ಲಿಯೋ ಬಿಡದಿಯಲ್ಲಿಯೋ ಯಂತ್ರದ ಮುಂದೆ ನಿಂತು ಹತ್ತು ವರ್ಷ ದುಡಿದವರಿಗೆ ಈ ಮೆಟ್ಟಿಲು ಅಮೂಲ್ಯವಾದದ್ದು. ಉದ್ಯೋಗದಲ್ಲಿರುವವರಿಗೆ ಅನುಕೂಲವಾಗುವಂತೆ ಸಮಯ ಹೊಂದಿಸಿ ತರಗತಿ ನಡೆಸಲು ಎಐಸಿಟಿಇ ಕೆಲವು ಕಾಲೇಜುಗಳಿಗೆ ಅನುಮತಿ ನೀಡಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮುಕ್ತ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಆಚೆಗೆ ಖಾಸಗಿ ಕೇಂದ್ರಗಳ ಮೂಲಕ ಶಿಕ್ಷಣ ನಡೆಸಲಾಗಿದೆ ಎಂಬ ಕಾರಣಕ್ಕೆ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆ ಮುಂದುವರಿಯಲಿಲ್ಲ. ಅನುದಾನ ಆಯೋಗವು ಇದನ್ನು ಸಾರ್ವಜನಿಕ ಪ್ರಕಟಣೆಯಲ್ಲಿ ತಿಳಿಸಿದ್ದು 2015ರಲ್ಲಿ. ಅಷ್ಟರಲ್ಲಿ ಅನೇಕರು ಶುಲ್ಕ ಕಟ್ಟಿ ಓದುತ್ತಿದ್ದರು. ರಾತ್ರಿ ನಿದ್ದೆಗೆಟ್ಟು ಓದಿದ ಪದವಿಗೆ ಬೆಲೆ ಸಿಗುವುದೋ ಇಲ್ಲವೋ ಎಂಬ ಆತಂಕದಲ್ಲಿ ಅವರು ವರ್ಷಗಳನ್ನು ಕಳೆಯಬೇಕಾಯಿತು. 2018ರಲ್ಲಿ ಮಾನ್ಯತೆ ಮರಳಿ ದೊರೆತು, ಇಂದು ಅಲ್ಲಿ ಶಿಕ್ಷಣ ಸುಗಮವಾಗಿ ನಡೆದಿದೆ. ಆ ಪ್ರಸಂಗ ಕಲಿಸಿದ ಪಾಠ ಮಾತ್ರ ಎಲ್ಲ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಸಂಸ್ಥೆಯ ಹೆಸರು ದೊಡ್ಡದೆಂದು ನೆಚ್ಚಿಕೊಳ್ಳದೆ, ತಾವು ಸೇರುವ ವರ್ಷಕ್ಕೆ, ತಾವು ಆರಿಸಿದ ವಿಷಯಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಅನುದಾನ ಆಯೋಗದ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಸ್ವತಃ ನೋಡಿಯೇ ಶುಲ್ಕ ಕಟ್ಟಬೇಕು.

ಎಲ್ಲವನ್ನೂ ದೂರಶಿಕ್ಷಣದಲ್ಲಿ ಓದಲಾಗದು ಎಂಬುದೂ ತಿಳಿದಿರಲಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಿ ನೀಡುವಂತಿಲ್ಲ. “ಮನೆಯಲ್ಲೇ ಕುಳಿತು ಒಂದೇ ವರ್ಷದಲ್ಲಿ ಬಿ.ಇ.” ಎಂಬ ಫಲಕವು ಕಂಡರೆ ಅಲ್ಲಿಂದ ಮುಂದೆ ನಡೆಯುವುದೇ ಲೇಸು.

ವಿಜಯನಗರದ ತರುಣರು

ವಿಜಯನಗರದ ಬಗ್ಗೆ ಬರೆಯುವಾಗ ಸ್ಪರ್ಧಾತ್ಮಕ ಪರೀಕ್ಷೆಗಳ ಮಾತನ್ನು ಬಿಡಲಾಗದು. ಅತ್ತಿಗುಪ್ಪೆ, ಚಂದ್ರಾ ಲೇಔಟ್, ಹಂಪಿನಗರಗಳ ಬೀದಿಗಳಲ್ಲಿ ತರಬೇತಿ ಕೇಂದ್ರಗಳೂ ಪೇಯಿಂಗ್ ಗೆಸ್ಟ್ ವಸತಿಗಳೂ ಸಾಲಾಗಿವೆ. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಜಾಗ ಹಿಡಿಯಲು ತರುಣ ತರುಣಿಯರು ಬೆಳಿಗ್ಗೆಯೇ ಬಂದು ಸೇರುತ್ತಾರೆ. ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದವರು ಅವರಲ್ಲಿ ಬಹಳ. ಊರಿನ ಕೆಲಸವನ್ನು, ಖಾಸಗಿ ಶಾಲೆಯ ಶಿಕ್ಷಕ ಹುದ್ದೆಯನ್ನು ಬಿಟ್ಟು ಬಂದವರೂ ಇದ್ದಾರೆ. ಅವರ ಶ್ರಮವನ್ನು ಕಂಡಾಗ ಗೌರವ ಮೂಡುತ್ತದೆ.

ಆ ಗೌರವದಿಂದಲೇ ಒಂದು ಮಾತನ್ನು ಹೇಳಬೇಕು. ಓದು ನಮ್ಮ ಕೈಯಲ್ಲಿದೆ, ಪರೀಕ್ಷೆಯ ಪಂಚಾಂಗ ನಮ್ಮ ಕೈಯಲ್ಲಿಲ್ಲ. ಪೊಲೀಸ್ ಸಬ್‌ಇನ್‌ಸ್ಪೆಕ್ಟರ್‌ಗಳ 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯನ್ನು ಅಕ್ರಮದ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದುಪಡಿಸಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ ಕಳೆದದ್ದು ಎರಡು ವರ್ಷಕ್ಕೂ ಮಿಗಿಲು. ಗೆಜೆಟೆಡ್ ಪ್ರೊಬೇಷನರಿಯ 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳು ಕಂಡುಬಂದು, ಅದೇ ವರ್ಷದ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಪ್ರಾಮಾಣಿಕವಾಗಿ ಓದಿದವರು ಏನೂ ತಪ್ಪು ಮಾಡಿರಲಿಲ್ಲ, ಆದರೂ ಕಾದ ತಿಂಗಳುಗಳ ಬಾಡಿಗೆಯನ್ನು ಕಟ್ಟಿದವರು ಅವರ ತಂದೆತಾಯಿಗಳು.

ವಯಸ್ಸಿನ ಮಿತಿಯನ್ನೂ ಮರೆಯಬಾರದು. ರಾಜ್ಯ ಸರ್ಕಾರಿ ನೇಮಕಾತಿಗಳಲ್ಲಿ ಸಾಮಾನ್ಯ ನಿಯಮದಂತೆ ಗರಿಷ್ಠ ವಯೋಮಿತಿಯು ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗಳಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ಕ್ಕೆ 40 ವರ್ಷ. ಕೆಲವು ಹುದ್ದೆಗಳಿಗೆ ಬೇರೆ ಮಿತಿಯಿದೆ, ಸರ್ಕಾರವು ಆಗಾಗ ಸಡಿಲಿಕೆಯನ್ನೂ ನೀಡುತ್ತದೆ. ಆದ್ದರಿಂದ ಆಯಾ ಅಧಿಸೂಚನೆಯನ್ನೇ ಓದಬೇಕು. ಈ ದಾರಿಯನ್ನು ಹಿಡಿಯುವವರು ಹೊರಡುವ ದಿನವೇ ಎರಡು ಸಂಗತಿಗಳನ್ನು ಬರೆದಿಟ್ಟುಕೊಳ್ಳಲಿ: ಎಷ್ಟು ವರ್ಷ ಪ್ರಯತ್ನಿಸುತ್ತೇನೆ, ಆಗದಿದ್ದರೆ ಯಾವ ಕಾಯಕಕ್ಕೆ ಮರಳುತ್ತೇನೆ. ಎರಡನೆಯದನ್ನು ಬರೆದಿಟ್ಟವರಿಗೆ ಸೋಲು ಅವಮಾನವಾಗಿ ಕಾಣುವುದಿಲ್ಲ. ಸಾಧ್ಯವಿದ್ದಷ್ಟೂ ಅರ್ಧ ದಿನದ ದುಡಿಮೆಯನ್ನಾದರೂ ಉಳಿಸಿಕೊಂಡು ಓದುವುದು ಮನಸ್ಸಿಗೂ ಒಳ್ಳೆಯದು.

ಕಾಗದದ ಮೇಲೆ ಲೆಕ್ಕ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕೆಂಗೇರಿ ಉಪನಗರದಲ್ಲಿ ವಾಸಿಸುವ ಒಂದು ಸಂಸಾರ. ಯಜಮಾನರ ಸಂಬಳ ತಿಂಗಳಿಗೆ 38,000 ರೂಪಾಯಿ. ಬಾಡಿಗೆ 12,000, ದಿನಸಿ ಮತ್ತು ಅಡುಗೆ ಅನಿಲ 9,000, ಸಾಲದ ಕಂತು 5,000, ಮಕ್ಕಳ ಶಾಲೆ 4,000, ಔಷಧ ಹಾಗೂ ಓಡಾಟ 4,000. ಒಟ್ಟು 34,000. ಉಳಿತಾಯ 4,000. ಬ್ಯಾಂಕಿನಲ್ಲಿ ಕೂಡಿಟ್ಟ ಹಣ 1,50,000.

ಅವರು ಕೆಲಸ ಬಿಟ್ಟು ಒಂದು ವರ್ಷದ, 40,000 ರೂಪಾಯಿ ಶುಲ್ಕದ ಕೋರ್ಸಿಗೆ ಸೇರಬೇಕೆಂದಿದ್ದಾರೆ. ಹೆಚ್ಚಿನವರು ಇದರ ಖರ್ಚು 40,000 ಎಂದುಕೊಳ್ಳುತ್ತಾರೆ. ನಿಜವಾದ ಖರ್ಚಿನಲ್ಲಿ ಕೈಬಿಟ್ಟ ಸಂಬಳವೂ ಸೇರಬೇಕು. ಹನ್ನೆರಡು ತಿಂಗಳ ಸಂಬಳ 4,56,000, ಅದಕ್ಕೆ ಶುಲ್ಕ ಸೇರಿದರೆ 4,96,000. ಓದಿದ ಮೇಲೆ 46,000 ಸಂಬಳದ ಕೆಲಸ ಸಿಕ್ಕಿತೆಂದರೂ ತಿಂಗಳಿಗೆ ಹೆಚ್ಚುವುದು 8,000. ಕಳೆದುಕೊಂಡದ್ದು ಮರಳಿ ಬರಲು 62 ತಿಂಗಳು, ಅಂದರೆ ಐದು ವರ್ಷ ಎರಡು ತಿಂಗಳು ಬೇಕು. ಇತ್ತ ಮನೆಯ ಖರ್ಚು ತಿಂಗಳಿಗೆ 34,000 ಇರುವಾಗ ಕೂಡಿಟ್ಟ ಹಣ ನಾಲ್ಕೂವರೆ ತಿಂಗಳಿಗೂ ಸಾಲದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಅದೇ ಕೋರ್ಸನ್ನು ಸಂಜೆಯ ತರಗತಿಯಲ್ಲಿಯೋ ದೂರಶಿಕ್ಷಣದಲ್ಲಿಯೋ ಓದಿದರೆ ಶುಲ್ಕವು ತಿಂಗಳಿಗೆ ಸುಮಾರು 3,300 ಆಗುತ್ತದೆ. ಈಗಿನ ಉಳಿತಾಯದಲ್ಲಿಯೇ ಅದು ನಿಲುಕುತ್ತದೆ. ಓದು ಒಂದು ವರ್ಷದ ಬದಲು ಎರಡು ವರ್ಷ ಹಿಡಿಯಬಹುದು, ಆದರೆ ಮನೆ ಸಾಲಕ್ಕೆ ಬೀಳುವುದಿಲ್ಲ. ಸಂಬಳವು 20,000 ಹೆಚ್ಚುವಂತಿದ್ದರೆ ಅಥವಾ ಮನೆಯಲ್ಲಿ ಇನ್ನೊಬ್ಬರ ದುಡಿಮೆಯಿದ್ದರೆ ಲೆಕ್ಕ ಬೇರೆಯಾದೀತು. ಆದ್ದರಿಂದ ಪ್ರತಿಯೊಂದು ಮನೆಯೂ ತನ್ನದೇ ಅಂಕಿಗಳನ್ನಿಟ್ಟು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು.

ಕೆಲಸ ಬಿಡುವವರು ಇನ್ನೂ ಕೆಲವು ಸಂಗತಿಗಳನ್ನು ನೋಡಿಕೊಳ್ಳಲಿ. ಖಾಯಂ ನೌಕರರಿಗೆ ಗ್ರಾಚ್ಯುಟಿ ದೊರೆಯಲು ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ನಾಲ್ಕು ವರ್ಷ ಮುಗಿದಿದ್ದರೆ ಕೆಲವು ತಿಂಗಳು ತಾಳುವುದು ಜಾಣತನ. ಭವಿಷ್ಯ ನಿಧಿಯ ಜೊತೆಗಿನ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕಾಗುವುದರಿಂದ, ಪಿಎಫ್ ಹಣವನ್ನು ಹಿಂತೆಗೆಯದೆ ಹೊಸ ಸಂಸ್ಥೆಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆ ಲೆಕ್ಕಕ್ಕೆ ಉಳಿಯುತ್ತದೆ. ಇಎಸ್‌ಐ ಸೌಲಭ್ಯದಲ್ಲಿ ರಾಜಾಜಿನಗರದ ಆಸ್ಪತ್ರೆಯನ್ನು ನಂಬಿರುವ ಮನೆಗಳು ಇಲ್ಲಿ ಬಹಳ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ ಸೌಲಭ್ಯದ ಅವಧಿ ಇರುತ್ತದೆ. ಮನೆಯಲ್ಲಿ ಯಾರಾದರೂ ಚಿಕಿತ್ಸೆಯಲ್ಲಿದ್ದರೆ, ತಮ್ಮ ಸೌಲಭ್ಯ ಎಂದಿಗೆ ಮುಗಿಯುತ್ತದೆಂದು ಅಲ್ಲಿಯ ಕಚೇರಿಯಲ್ಲಿ ಕೇಳಿ ತಿಳಿದೇ ದಿನವನ್ನು ನಿಶ್ಚಯಿಸಬೇಕು. ಅನುಭವ ಪತ್ರವನ್ನೂ ಬಿಡುಗಡೆ ಪತ್ರವನ್ನೂ ಪಡೆಯದೆ ಹೊರಬರಬಾರದು.

ನೆರವಿನ ಬಾಗಿಲುಗಳೂ ಇವೆ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ಶಿಕ್ಷಣ ಸಾಲಕ್ಕೆ ‘ಬಸವ ಬೆಳಗು’, ಸ್ವಯಂ ಉದ್ಯೋಗಕ್ಕೆ ‘ಕಾಯಕ ಕಿರಣ’ ಎಂಬ ಯೋಜನೆಗಳಿವೆ. ಆದಾಯ, ವಯಸ್ಸು, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿ ಅರ್ಜಿ ಹಾಕಬಹುದು. ಸಾಲವು ಸಾಲವೇ ಎಂಬ ಎಚ್ಚರ ಮಾತ್ರ ಇರಲಿ.

ಮನೆಯವರ ಒಪ್ಪಿಗೆ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವರ ಪತ್ನಿ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗವು ನಮ್ಮೆಲ್ಲರಿಗೂ ತಿಳಿದಿದೆ. ಇದರಿಂದ ದುರಾಸೆ ಸಲ್ಲದೆಂಬ ನೀತಿಯನ್ನು ನಾವು ಕಲಿಯುತ್ತೇವೆ. ಇನ್ನೊಂದು ನೀತಿಯೂ ಅಲ್ಲಿದೆ. ದುಡಿಮೆಯ ವಿಷಯದಲ್ಲಿ ಪತ್ನಿಯ ಮಾತಿಗೆ ಪೂರ್ಣ ಅಧಿಕಾರವಿತ್ತು, ಪತಿ ಅದನ್ನು ಕೇಳಿದರು.

ಇಂದಿನ ನಮ್ಮ ಮನೆಗಳಲ್ಲಿ ಗಂಡನು ಕೆಲಸ ಬಿಟ್ಟ ಸುದ್ದಿ ಹೆಂಡತಿಗೆ ರಾಜೀನಾಮೆ ಕೊಟ್ಟ ಮೇಲೆ ತಿಳಿಯುವುದುಂಟು. ಮದುವೆಯಿಂದಲೋ ಹೆರಿಗೆಯಿಂದಲೋ ಓದು ನಿಲ್ಲಿಸಿದ ಹೆಣ್ಣುಮಗಳು ಹತ್ತು ವರ್ಷದ ನಂತರ ಪದವಿ ಮುಗಿಸಬೇಕೆಂದರೆ, “ಈಗ ಯಾತಕ್ಕಮ್ಮ?” ಎಂದು ಕೇಳುವವರೂ ಉಂಟು. ಎರಡೂ ಶರಣಧರ್ಮಕ್ಕೆ ಒಪ್ಪುವ ನಡೆಯಲ್ಲ. ಸೊಸೆಯು ಬಿ.ಎಡ್. ಓದಲು ಬಯಸಿದರೆ, ಎರಡು ವರ್ಷ ಸಂಜೆಯ ಅಡುಗೆ ಯಾರದು, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು, ಪರೀಕ್ಷೆಯ ತಿಂಗಳಲ್ಲಿ ಅತ್ತೆ ಮಾವಂದಿರ ಆರೈಕೆ ಯಾರದು ಎಂಬುದನ್ನು ಮನೆಮಂದಿ ಒಟ್ಟಿಗೆ ಕುಳಿತು ಹಂಚಿಕೊಳ್ಳಬೇಕು. ಓದಲು “ಒಪ್ಪಿಗೆ” ಕೊಟ್ಟು ಕೆಲಸವನ್ನು ಹಂಚಿಕೊಳ್ಳದಿದ್ದರೆ ಅದು ಬರೀ ಬಾಯಿಮಾತಿನ ಒಪ್ಪಿಗೆ.

ಸಮಯವೂ ಹಣದಂತೆಯೇ. ನೇರಳೆ ಮಾರ್ಗದ ಮೆಟ್ರೋ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ತಲುಪಿದ ಮೇಲೆ ಇಲ್ಲಿಂದ ವೈಟ್‌ಫೀಲ್ಡ್‌ವರೆಗೆ ಕೆಲಸಕ್ಕೆ ಹೋಗಿಬರುವವರಿದ್ದಾರೆ. ದಿನಕ್ಕೆ ಎರಡು ತಾಸಿಗೂ ಮಿಕ್ಕ ಪ್ರಯಾಣ ಅದು. ಆ ಹೊತ್ತಿನ ಅರ್ಧವನ್ನು ಪುಸ್ತಕಕ್ಕೆ ಕೊಟ್ಟರೂ ವಾರಕ್ಕೆ ಐದಾರು ತಾಸಿನ ಓದಾಗುತ್ತದೆ. ಉಳಿದ ಹೊತ್ತು ಮನೆಯವರದು, ನಿದ್ದೆಯದು, ಇಷ್ಟಲಿಂಗ ಪೂಜೆಯದು. ಅವನ್ನು ಕಸಿದುಕೊಂಡ ಓದು ಬಹುಕಾಲ ನಡೆಯುವುದಿಲ್ಲ.

ಆರು ತಿಂಗಳ ಪರೀಕ್ಷೆ

ಇಷ್ಟೆಲ್ಲ ಯೋಚಿಸಿದ ಮೇಲೂ ಮನಸ್ಸು ತೂಗುಯ್ಯಾಲೆಯಲ್ಲಿದ್ದರೆ, ನಾವು ಒಂದು ಸರಳ ಕ್ರಮವನ್ನು ಸೂಚಿಸುತ್ತೇವೆ. ಕೆಲಸದಲ್ಲಿದ್ದುಕೊಂಡೇ ಆರು ತಿಂಗಳು ಹೊಸ ವಿದ್ಯೆಯನ್ನು ಕಲಿತು ನೋಡಿ. ದಿನಕ್ಕೆ ಒಂದು ತಾಸು ಸಾಕು. ಗ್ರಂಥಾಲಯದ ಪುಸ್ತಕವಾದರೂ ಸರಿ, ಸರ್ಕಾರದ ಉಚಿತ ಆನ್‌ಲೈನ್ ಪಾಠವಾದರೂ ಸರಿ, ಭಾನುವಾರ ಪರಿಚಿತರ ಅಂಗಡಿಯಲ್ಲಿಯೋ ಕಾರ್ಯಾಗಾರದಲ್ಲಿಯೋ ಕೈಗೂಡಿಸಿದರೂ ಸರಿ. ಇದರ ಜೊತೆಗೆ, ಕೋರ್ಸಿನ ಶುಲ್ಕಕ್ಕೆ ಬೇಕಾಗುವ ಹಣವನ್ನು ತಿಂಗಳು ತಿಂಗಳು ಬೇರೆಯಾಗಿ ಎತ್ತಿಡಿ.

ಆರು ತಿಂಗಳ ನಂತರ ಎರಡು ಸಂಗತಿಗಳು ತಾವಾಗಿಯೇ ತಿಳಿಯುತ್ತವೆ. ಆ ಒಂದು ತಾಸು ಹಗುರವಾಗಿ ಕಂಡಿತೇ, ಹೊರೆಯಾಯಿತೇ ಎಂಬುದು ಮೊದಲನೆಯದು. ಆ ಹಣವನ್ನು ಎತ್ತಿಟ್ಟ ಮೇಲೂ ಮನೆ ನಡೆಯಿತೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಅನುಕೂಲವಾಗಿದ್ದರೆ ಮುಂದೆ ಹೆಜ್ಜೆಯಿಡಲು ಅಂಜಬೇಕಾಗಿಲ್ಲ, ವಯಸ್ಸು ಎಷ್ಟಾದರೂ ಸರಿ. ಉತ್ತರ ಪ್ರತಿಕೂಲವಾಗಿದ್ದರೆ ಕಳೆದದ್ದು ಆರು ತಿಂಗಳ ಸಂಜೆಗಳು ಮಾತ್ರ, ಜೀವನೋಪಾಯವಲ್ಲ.

ಕೆಲವರಿಗೆ ಈ ಆರು ತಿಂಗಳು ಕಾಯುವ ಅನುಕೂಲವಿರುವುದಿಲ್ಲ ಎಂಬುದನ್ನೂ ನಾವು ಬಲ್ಲೆವು. ದೇಹಕ್ಕೆ ಅಪಾಯವಿರುವ ಕೆಲಸ, ಮಾನಕ್ಕೆ ಕುಂದು ತರುವ ಜಾಗ, ಸುಳ್ಳು ಲೆಕ್ಕ ಬರೆಯಲು ಒತ್ತಾಯಿಸುವ ಮಾಲೀಕರು ಇದ್ದಲ್ಲಿ ಲೆಕ್ಕಾಚಾರಕ್ಕಿಂತ ಮೊದಲು ಹೊರಬರುವುದೇ ಧರ್ಮ. ಶುದ್ಧವಲ್ಲದ ದುಡಿಮೆಯು ಕಾಯಕವೆನಿಸದು. ಅಂತಹ ಹೊತ್ತಿನಲ್ಲಿ ಸಿಕ್ಕ ಚಿಕ್ಕ ಕೆಲಸವನ್ನು ಹಿಡಿದು ಉಸಿರಾಡಿಕೊಂಡು, ಆಮೇಲೆ ಮುಂದಿನದನ್ನು ಯೋಚಿಸಬಹುದು. ಯಾವ ಕೆಲಸವೂ ಚಿಕ್ಕದಲ್ಲವೆಂದು ತೋರಿದವರ ಪರಂಪರೆ ನಮ್ಮದು.

ಕೊನೆಯದಾಗಿ ಈ ದಾರಿಯನ್ನು ಈಗಾಗಲೇ ನಡೆದು ದಾಟಿದವರಲ್ಲಿ ಒಂದು ಬಿನ್ನಹ. ತಾವು ಕಾರ್ಖಾನೆಯಲ್ಲಿದ್ದು ಪದವೀಧರರಾಗಿರಬಹುದು, ನಲವತ್ತರಲ್ಲಿ ಶಿಕ್ಷಕಿಯಾಗಿರಬಹುದು, ಪರೀಕ್ಷೆಗಳಲ್ಲಿ ಸೋತು ಅಂಗಡಿ ತೆರೆದು ಗೆದ್ದಿರಬಹುದು. ತಮ್ಮ ಅನುಭವವನ್ನು ಒಂದು ತಾಸು ಕುಳಿತು ಇನ್ನೊಬ್ಬರಿಗೆ ಹೇಳುವುದೂ ದಾಸೋಹವೇ. ಗೆದ್ದ ಕಥೆಯ ಜೊತೆಗೆ ಎಡವಿದ ಜಾಗವನ್ನೂ ತೋರಿಸಿ. ಹಿಂದೆ ಬರುವವರಿಗೆ ಅದೇ ಹೆಚ್ಚು ಉಪಕಾರಿ.

ನಾಳೆ ಬೆಳಿಗ್ಗೆ ರಾಜೀನಾಮೆ ಪತ್ರ ಬರೆಯಬೇಕೆಂದಿರುವವರು ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೊಡನೆ ಕುಳಿತು, ಒಂದು ಹಾಳೆಯ ಮೇಲೆ ಖರ್ಚನ್ನು ಬರೆಯಿರಿ, ಇನ್ನೊಂದರ ಮೇಲೆ ಆಸೆಯನ್ನು ಬರೆಯಿರಿ. ಎರಡನ್ನೂ ಒಟ್ಟಿಗೆ ಓದಿದ ಮೇಲೆ ತೆಗೆದುಕೊಂಡ ನಿರ್ಧಾರವು ಯಾವುದೇ ಆದರೂ ಅದು ಇಡೀ ಮನೆಯ ನಿರ್ಧಾರವಾಗಿರುತ್ತದೆ.